ನಿಮಗಿದು ಗೊತ್ತೇ? ಸೂರ್ಯನ ಗೊರಗೊರ

ಸೂರ್ಯ ಬೆಳಗುತ್ತಾನೆ, ಸುಡುತ್ತಾನೆ. ಗೊರಗುಟ್ಟುತ್ತಾನೆ ಕೂಡ. ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಹಗಲಿಡೀ ನಮ್ಮ ಮೇಲೆ ಸುರಿಯುತ್ತಲೇ ಇರುತ್ತಾನೆ. ತಮಾಷೆಯೆಂದರೆ, ಆ ಸದ್ದನ್ನು ಮೊದಮೊದಲು ಬೇಕೆಂದೇ ಹುಡುಕಿ ಹೊರಟವರಿಗೆ ಅದು ದಕ್ಕಲಿಲ್ಲ. ಮೊದಲು ದಕ್ಕಿದ್ದು ಬೇರೇನೋ ಕೆಲಸದಲ್ಲಿದ್ದು, ‘ಇದೆಂಥ ಕಾಟ’ ಎಂದು ಬೈದುಕೊಂಡವರಿಗೆ.

● ಚಾರ್ಲ್ಸ್ ನಾರ್ಡ್‌ಮನ್ ಎಂಬ ಫ್ರೆಂಚ್ ವಿಜ್ಞಾನಿ 1901ರಲ್ಲಿ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್ ಹತ್ತಿ, ಹಿಮದ ಮೇಲೆ 175 ಮೀಟರ್ ಉದ್ದದ ತಂತಿ ಹಾಸಿ ಸೂರ್ಯನ ರೇಡಿಯೋ ಅಲೆಗಾಗಿ ಕಾದ. ಏನೂ ಸಿಗಲಿಲ್ಲ. ಅವನ ಲೆಕ್ಕಾಚಾರವೇನೋ ಸರಿಯಿತ್ತು, ಕಾಲ ಕೂಡಿಬರಲಿಲ್ಲ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. 1901 ಇಳಿತದ ತಳದಲ್ಲಿತ್ತು. ಅದಕ್ಕೂ ಮುಂಚೆ 1890ರ ದಶಕದಲ್ಲಿ ಆಲಿವರ್ ಲಾಡ್ಜ್ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಪ್ರಯತ್ನಿಸಿ, ನಗರದ ವಿದ್ಯುತ್ ಗದ್ದಲಕ್ಕೆ ಸೋತು ಕೈಬಿಟ್ಟಿದ್ದರು.

● ಆಕಾಶದಿಂದ ಬರುವ ರೇಡಿಯೋ ಅಲೆಯನ್ನು ಮೊದಲು ಗುರುತಿಸಿದ ಅಮೆರಿಕದ ಕಾರ್ಲ್ ಜಾನ್ಸ್‌ಕಿಗೂ ಸೂರ್ಯ ಕೈಕೊಟ್ಟ! 1930ರ ದಶಕದ ಆರಂಭದಲ್ಲಿ ಆತ ಹಿಡಿದದ್ದು ಆಕಾಶಗಂಗೆಯ ಸದ್ದು. ಮೊದಮೊದಲು ಅದು ಸೂರ್ಯನದ್ದೇ ಎಂದುಕೊಂಡಿದ್ದ. ತಿಂಗಳುಗಳು ಕಳೆದಂತೆ ಸದ್ದಿನ ದಿಕ್ಕು ಸೂರ್ಯನಿಂದ ದೂರ ಸರಿಯಿತು. ಆಗಲೂ ಸೂರ್ಯ ತಣ್ಣಗಿದ್ದ ಕಾಲವೇ.

● ಸೂರ್ಯನ ರೇಡಿಯೋ ಸದ್ದು ಪತ್ತೆಯಾದದ್ದು ಶತ್ರುವಿನ ಕುತಂತ್ರ ಬಯಲುಮಾಡುವ ಕೆಲಸದಲ್ಲಿ. 1942ರ ಫೆಬ್ರವರಿ 12ರಂದು ಜರ್ಮನ್ನರು ಬ್ರಿಟಿಷ್ ರೇಡಾರ್‌ಗಳಿಗೆ ಅಡ್ಡಸದ್ದು ತುಂಬಿ, ತಮ್ಮ ಯುದ್ಧನೌಕೆಗಳನ್ನು ಇಂಗ್ಲಿಷ್ ಕಾಲುವೆಯಲ್ಲಿ ಹಗಲುಹೊತ್ತಿನಲ್ಲೇ ಅವರ ಮೂಗಿನಡಿ ಹಾಯಿಸಿದರು. ಬ್ರಿಟನ್ನಿಗೆ ಭಾರೀ ಅವಮಾನ. ರೇಡಾರ್‌ಗೆ ಬರುವ ಅಡ್ಡಸದ್ದುಗಳನ್ನು ಪರಿಶೀಲಿಸುವ ಹೊಣೆ ಜೇಮ್ಸ್ ಸ್ಟ್ಯಾನ್ಲಿ ಹೇ ಎಂಬವರ ಪಾಲಿಗೆ ಬಂತು. ಅವರು ಅದಕ್ಕೂ ಮುನ್ನ ಶಾಲೆಯಲ್ಲಿ ಭೌತವಿಜ್ಞಾನದ ಮೇಷ್ಟ್ರು.

ಎರಡು ವಾರ ಕಳೆದಿತ್ತಷ್ಟೆ. ಫೆಬ್ರವರಿ ಕೊನೆಯಲ್ಲಿ ದೇಶದ ಹಲವು ಕಡೆಯ ರೇಡಾರ್‌ಗಳಿಂದ ಒಂದೇ ದೂರು: ವಿಪರೀತ ಗದ್ದಲ, ವಿಮಾನಗಳೇ ಕಾಣುತ್ತಿಲ್ಲ. ಮತ್ತೆ ಜರ್ಮನ್ನರೇ ಇರಬೇಕೆಂದು ಎಲ್ಲರ ಗುಮಾನಿ. ಹೇ ಅವರು ವರದಿಗಳನ್ನು ಮುಂದಿಟ್ಟುಕೊಂಡು ದಿಕ್ಕುಗಳನ್ನು ತಾಳೆ ನೋಡಿದರು. ಸದ್ದು ಬರುವ ದಿಕ್ಕು ಬೆಳಗಿನಿಂದ ಸಂಜೆಗೆ ಮೆಲ್ಲಗೆ ಸರಿಯುತ್ತಿತ್ತು, ಸೂರ್ಯ ಸರಿದ ಹಾಗೇ. ಗ್ರೀನಿಚ್ ವೀಕ್ಷಣಾಲಯಕ್ಕೆ ಫೋನ್ ಮಾಡಿ ಕೇಳಿದರೆ, ಸೂರ್ಯಬಿಂಬದ ನಡುವಿಗೇ ದೊಡ್ಡದೊಂದು ಕಲೆ ಬಂದು ಕೂತಿದೆ ಎಂಬ ಉತ್ತರ ಬಂತು. ಇಷ್ಟಾದರೂ ಯುದ್ಧಕಾಲದ ಗುಟ್ಟೆಂದು ವಿಷಯ ಕಡತದಲ್ಲೇ ಉಳಿಯಿತು. ಹೇ ಅವರ ಬರಹ ‘ನೇಚರ್’ ಪತ್ರಿಕೆಯಲ್ಲಿ ಬಂದದ್ದು 1946ರಲ್ಲಿ.

● ಅದೇ 1942ರ ಜೂನಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾರ್ಜ್ ಸೌತ್‌ವರ್ತ್ ಸೂರ್ಯನ ಮೈಕ್ರೋವೇವ್ ಹಿಡಿದರು. ಅದೂ ಗುಟ್ಟು. ಮನೆ ಹಿತ್ತಿಲಲ್ಲಿ ಸ್ವಂತ ಖರ್ಚಿನಲ್ಲಿ ರೇಡಿಯೋ ದೂರದರ್ಶಕ ಕಟ್ಟಿಕೊಂಡಿದ್ದ ಗ್ರೋಟ್ ರೀಬರ್ ಮಾತ್ರ ಯಾರ ಅಪ್ಪಣೆಗೂ ಕಾಯಬೇಕಿರಲಿಲ್ಲ. 1943ರಲ್ಲಿ ಸೂರ್ಯನನ್ನು ಹಿಡಿದು 1944ರಲ್ಲಿ ಪ್ರಕಟಿಸಿಯೇ ಬಿಟ್ಟರು. ಕಂಡುಹಿಡಿದ ಈ ಮೂವರ ಸಾಲಿನಲ್ಲಿ ಕೊನೆ, ಜಗತ್ತಿಗೆ ತಿಳಿಸಿದವರಲ್ಲಿ ಮೊದಲು.

● ನ್ಯೂಜಿಲೆಂಡಿನ ಕಥೆ ಇನ್ನೂ ಚೆನ್ನಾಗಿದೆ. 1945ರಲ್ಲಿ ನಾರ್ಫೋಕ್ ದ್ವೀಪದ ರೇಡಾರ್‌ನಲ್ಲಿ ಸೂರ್ಯ ಹುಟ್ಟುವಾಗ ಮತ್ತು ಮುಳುಗುವಾಗ ಮಾತ್ರ ಗದ್ದಲ ಏಳುತ್ತಿತ್ತು. ಆ ರೇಡಾರ್‌ಗಳು ಸದಾ ದಿಗಂತದತ್ತ ಮುಖ ಮಾಡಿದವು. ಸೂರ್ಯ ದಿಗಂತಕ್ಕೆ ಬಂದಾಗಷ್ಟೇ ಅವುಗಳ ಎದುರಿಗೆ ಸಿಗುತ್ತಿದ್ದ. ಇದನ್ನು ಬೆನ್ನತ್ತಿ ಬಿಡಿಸಿದವರು ಎಲಿಜಬೆತ್ ಅಲೆಕ್ಸಾಂಡರ್. ಓದಿದ್ದು ಭೂವಿಜ್ಞಾನ, ಬಾಲ್ಯ ಕಳೆದದ್ದು ಭಾರತದಲ್ಲಿ. ಯುದ್ಧ ಮುಗಿದ ಮೇಲೆ ಅವರು ಮತ್ತೆ ಕಲ್ಲುಬಂಡೆಗಳ ಅಧ್ಯಯನಕ್ಕೇ ಹಿಂತಿರುಗಿದರು.

● ಸಮುದ್ರವನ್ನೇ ಆಂಟೆನಾ ಮಾಡಿಕೊಂಡವರುಂಟು! 1946ರ ಜನವರಿ 26ರ ಬೆಳಗ್ಗೆ ಸಿಡ್ನಿಯ ಡೋವರ್ ಹೈಟ್ಸ್ ಬಂಡೆಯಂಚಿನಲ್ಲಿ ರೂಬಿ ಪೇನ್-ಸ್ಕಾಟ್ ಒಂದು ಆಂಟೆನಾ ಹಿಡಿದು ಸೂರ್ಯೋದಯಕ್ಕೆ ಕಾದರು. ಸೂರ್ಯನಿಂದ ನೇರ ಬಂದ ಅಲೆ ಒಂದು, ಕೆಳಗಿನ ಕಡಲ ನೀರಿಗೆ ಬಡಿದು ಚಿಮ್ಮಿ ಬಂದದ್ದು ಇನ್ನೊಂದು. ಎರಡೂ ಸೇರಿದಾಗ ಸದ್ದು ಏರುತ್ತ ಇಳಿಯುತ್ತ ಸಾಗುತ್ತದೆ. ಆ ಏರಿಳಿತವನ್ನು ಲೆಕ್ಕ ಹಾಕಿದರೆ ಸದ್ದು ಸೂರ್ಯನ ಯಾವ ಭಾಗದಿಂದ ಬಂತೆಂದು ತಿಳಿಯುತ್ತದೆ. ಉತ್ತರ: ಸೌರಕಲೆಗಳ ಗುಂಪಿನಿಂದ. ಎರಡು ದಾರಿಯಲ್ಲಿ ಬಂದ ಅಲೆಗಳನ್ನು ಬೆರೆಸಿ ಮೂಲ ಹುಡುಕುವ ಈ ಉಪಾಯವೇ ಇಂದಿನ ದೈತ್ಯ ರೇಡಿಯೋ ದೂರದರ್ಶಕ ವ್ಯೂಹಗಳ ಬುನಾದಿ.

ರೂಬಿ 1944ರಲ್ಲೇ ಮದುವೆಯಾಗಿದ್ದರು. ಹೊರಗೆ ಹೇಳಿರಲಿಲ್ಲ, ಏಕೆಂದರೆ ಮದುವೆಯಾದ ಹೆಂಗಸಿಗೆ ಆಸ್ಟ್ರೇಲಿಯಾದ ಸರ್ಕಾರಿ ಸೇವೆಯಲ್ಲಿ ಕಾಯಂ ಹುದ್ದೆ ಇರಲಿಲ್ಲ. 1950ರಲ್ಲಿ ವಿಷಯ ಹೊರಬಿದ್ದು ಕಾಯಂ ಹುದ್ದೆ ಹೋಯಿತು. ಮರುವರ್ಷ ಮಗುವಿನ ನಿರೀಕ್ಷೆಯಲ್ಲಿ ಕೆಲಸವನ್ನೇ ಬಿಟ್ಟರು. ಮುಂದೆ ಶಾಲಾ ಶಿಕ್ಷಕಿಯಾದರು. ಜಗತ್ತಿನ ಮೊದಲ ಮಹಿಳಾ ರೇಡಿಯೋ ಖಗೋಳವಿಜ್ಞಾನಿ ಎಂದು ಈಗ ಹಲವರು ಕೊಂಡಾಡುತ್ತಾರೆ. ಆಗ ಒಂದು ನಿಯಮ ಬದಲಿಸಲು ಯಾರೂ ಮುಂದಾಗಲಿಲ್ಲ.

● ಖಗ್ರಾಸ ಗ್ರಹಣದಲ್ಲೂ ರೇಡಿಯೋ ಸೂರ್ಯ ಪೂರ್ತಿ ಮರೆಯಾಗುವುದಿಲ್ಲ. 1947ರ ಮೇ 20ರಂದು ಸೋವಿಯತ್ ವಿಜ್ಞಾನಿಗಳು ಬ್ರೆಜಿಲ್ ತೀರದಲ್ಲಿ ಹಡಗಿನ ಮೇಲೆ ಆಂಟೆನಾ ಕಟ್ಟಿಕೊಂಡು ಗ್ರಹಣಕ್ಕೆ ಕಾದಿದ್ದರು. ಚಂದ್ರ ಸೂರ್ಯಬಿಂಬವನ್ನು ಪೂರಾ ನುಂಗಿದ ಗಳಿಗೆಯಲ್ಲೂ ಒಂದೂವರೆ ಮೀಟರ್ ಅಲೆಯುದ್ದದಲ್ಲಿ ಸುಮಾರು ಶೇ 40ರಷ್ಟು ಸದ್ದು ಉಳಿದೇ ಇತ್ತು. ಅಂದರೆ ಅದು ಹೊರಡುವುದು ಬಿಂಬದಿಂದಲ್ಲ, ಅದನ್ನು ಸುತ್ತುವರಿದ ಕರೋನಾದಿಂದ. ಗ್ರಹಣದಲ್ಲಿ ಬೆಳ್ಳಗೆ ಹರಡಿಕೊಂಡು ಕಾಣುವ ಆ ಪ್ರಭಾವಲಯ ಹಿಡಿತಕ್ಕೆ ಸಿಗುವುದು ಕಣ್ಣಿಗೆ ಕೆಲವೇ ನಿಮಿಷ, ರೇಡಿಯೋಗೆ ದಿನಾ.

● ಸೂರ್ಯನ ಮೇಲ್ಮೈ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲಿರುವ ಕರೋನಾದ ಬಿಸಿ 10 ಲಕ್ಷ ಡಿಗ್ರಿಗೂ ಹೆಚ್ಚು! ಒಲೆಯಿಂದ ದೂರ ಸರಿದಷ್ಟೂ ಸೆಕೆ ಹೆಚ್ಚಾದ ಹಾಗೆ. ಬೆಳಕಿನ ಅಧ್ಯಯನದಿಂದ ಬಂದ ಈ ಅಂಕಿಯನ್ನು ಮೊದಲು ಹಲವರು ನಂಬಿರಲಿಲ್ಲ. 1946ರಲ್ಲಿ ಆಸ್ಟ್ರೇಲಿಯಾದ ಜೋಸೆಫ್ ಪಾಸಿ ಮೀಟರ್ ಅಲೆಗಳಲ್ಲಿ ಅಳೆದಾಗಲೂ ಅದೇ 10 ಲಕ್ಷ ಡಿಗ್ರಿ ಬಂತು. ಇಷ್ಟು ಬಿಸಿ ಎಲ್ಲಿಂದ ಬರುತ್ತದೆ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

● ರೇಡಿಯೋದ ಸ್ಟೇಷನ್ ಬದಲಿಸಿದರೆ ಸೂರ್ಯನ ಬೇರೆ ಬೇರೆ ಎತ್ತರ ಕೇಳುತ್ತದೆ. ಕಾರಣ ಸರಳ. ಎಲೆಕ್ಟ್ರಾನ್‌ಗಳು ದಟ್ಟವಾಗಿರುವ ಜಾಗದಿಂದ ಕಡಿಮೆ ಕಂಪನಾಂಕದ ಅಲೆಗಳು ಹೊರಬರಲಾರವು. ಘನ ಸೆಂಟಿಮೀಟರಿಗೆ 10 ಕೋಟಿ ಎಲೆಕ್ಟ್ರಾನ್ ಇರುವಲ್ಲಿ 90 ಮೆಗಾಹರ್ಟ್ಸ್‌ಗಿಂತ ಕೆಳಗಿನದಕ್ಕೆ ದಾರಿಯಿಲ್ಲ. ಕರೋನಾದಲ್ಲಿ ಮೇಲೇರಿದಂತೆ ಎಲೆಕ್ಟ್ರಾನ್ ವಿರಳವಾಗುವುದರಿಂದ, ಕಂಪನಾಂಕ ಇಳಿಸುತ್ತ ಹೋದಷ್ಟೂ ನೀವು ಮೇಲ್ಮೇಲಿನ ಪದರದ ಸದ್ದು ಕೇಳುತ್ತೀರಿ. ಹೀಗಾಗಿ ಮೀಟರ್ ಅಲೆಗಳಲ್ಲಿ ಚಿತ್ರ ತೆಗೆದರೆ ಸೂರ್ಯ ಕಣ್ಣಿಗೆ ಕಾಣುವುದಕ್ಕಿಂತ ದೊಡ್ಡವನು.

● ಇದೇ ಸೂತ್ರದಿಂದ ಸೂರ್ಯನ ಸ್ಫೋಟಗಳ ವೇಗವನ್ನೂ ಅಳೆಯಬಹುದು. ಸದ್ದು ಎತ್ತರದ ಕಂಪನಾಂಕದಿಂದ ತಗ್ಗಿಗೆ ಎಷ್ಟು ಬೇಗ ಜಾರಿತು ಎಂದು ನೋಡಿದರಾಯಿತು. ಸೆಕೆಂಡುಗಳಲ್ಲಿ ಜಾರಿದರೆ ಅದು ಮೂರನೇ ಬಗೆ: ಬೆಳಕಿನ ವೇಗದ ಮೂರನೇ ಒಂದು ಪಾಲಿನಷ್ಟು ವೇಗದಲ್ಲಿ ನುಗ್ಗುವ ಎಲೆಕ್ಟ್ರಾನ್ ಹಿಂಡು. ನಿಮಿಷಗಟ್ಟಲೆ ನಿಧಾನ ಜಾರಿದರೆ ಎರಡನೇ ಬಗೆ: ಸೆಕೆಂಡಿಗೆ ಸುಮಾರು 1,000 ಕಿಲೋಮೀಟರ್ ವೇಗದ ಆಘಾತ ತರಂಗ. ಒಂದು, ಎರಡು, ಮೂರು ಎಂದು ಈ ಬಗೆಗಳನ್ನು 1950ರಲ್ಲಿ ವಿಂಗಡಿಸಿದವರು ಆಸ್ಟ್ರೇಲಿಯಾದ ಪಾಲ್ ವೈಲ್ಡ್ ಮತ್ತು ಮೆಕ್ರೆಡಿ. ನಾಲ್ಕು, ಐದು ಆಮೇಲೆ ಸೇರಿದವು. ಎಲೆಕ್ಟ್ರಾನ್ ಹಿಂಡು ಕಾಂತಬಲದ ಕಮಾನಿನಲ್ಲಿ ಮೇಲೇರಿ ಮತ್ತೆ ಇಳಿದರೆ ಸದ್ದಿನ ಗೆರೆಯೂ ಬಾಗಿ ತಿರುಗುತ್ತದೆ. ಆ ಬಗೆಯನ್ನು 1958ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು ನಮ್ಮ ದೇಶದ ಖಗೋಳವಿಜ್ಞಾನಿ ಗೋವಿಂದ್ ಸ್ವರೂಪ್.

● ಪಾಲ್ ವೈಲ್ಡ್ 1967ರಲ್ಲಿ ಕುಲ್ಗೂರಾ ಎಂಬಲ್ಲಿ 3 ಕಿಲೋಮೀಟರ್ ಅಗಲದ ವೃತ್ತದ ಮೇಲೆ 96 ಆಂಟೆನಾ ತಟ್ಟೆಗಳನ್ನು ನಿಲ್ಲಿಸಿ, ಸೆಕೆಂಡಿಗೊಂದರಂತೆ ಸೂರ್ಯನ ರೇಡಿಯೋ ಚಿತ್ರ ತೆಗೆದರು. ಆಮೇಲೆ ಇದೇ ಮನುಷ್ಯ ವಿಮಾನಗಳು ಸುರಕ್ಷಿತವಾಗಿ ಇಳಿಯಲು ನೆರವಾಗುವ ಮೈಕ್ರೋವೇವ್ ವ್ಯವಸ್ಥೆಯನ್ನೂ ರೂಪಿಸಿದರು.

● ಮಳೆಗಾಲದ ಮೋಡ ಕವಿದರೂ ಸೂರ್ಯ ವೀಕ್ಷಣೆ ನಿಲ್ಲುವುದಿಲ್ಲ. ಮೀಟರ್ ಅಲೆಗಳಿಗೆ ಮೋಡ ಅಡ್ಡಿಯಲ್ಲವೇ ಅಲ್ಲ. ಅಡ್ಡಿ ಬರುವುದು ಎಫ್‌ಎಂ ಕೇಂದ್ರಗಳಿಂದ.

● ಭಾರತದ ರೇಡಿಯೋ ಖಗೋಳವಿಜ್ಞಾನ ಹಳೇ ಸಾಮಾನಿನಿಂದ ಶುರುವಾಯಿತು ಎಂದರೆ ಅತಿಶಯವಲ್ಲ. ಸಿಡ್ನಿಯ ಪಾಟ್ಸ್ ಹಿಲ್‌ನಲ್ಲಿ ಸೂರ್ಯನನ್ನು ನೋಡಲು ಕ್ರಿಸ್ಟಿಯನ್ಸನ್ ಎಂಬವರು ಆರಡಿಯ 32 ತಟ್ಟೆಗಳ ಸಾಲು ನಿಲ್ಲಿಸಿದ್ದರು. ಹೊಸ ವ್ಯೂಹ ಬರುತ್ತಿದ್ದಂತೆ ಅವು ಬೇಡವಾದವು. ಆಗ ಅಲ್ಲಿ ತರಬೇತಿಯಲ್ಲಿದ್ದ ಗೋವಿಂದ್ ಸ್ವರೂಪ್ ಅವನ್ನು ಭಾರತಕ್ಕೆ ಕೊಡಿ ಎಂದು ಕೇಳಿದರು, ಕೊಟ್ಟರು. ತಟ್ಟೆಗಳು ಮುಂಬೈ ಬಳಿಯ ಕಲ್ಯಾಣ್‌ನಲ್ಲಿ ನಿಂತು ಸೂರ್ಯನನ್ನು ನೋಡಿದ್ದು 1965ರಲ್ಲಿ, ಸುಮಾರು ಹತ್ತು ವರ್ಷದ ಮೇಲೆ. ಐದೇ ವರ್ಷಕ್ಕೆ ಊಟಿಯ 530 ಮೀಟರ್ ಉದ್ದದ ದೂರದರ್ಶಕ ಎದ್ದಿತು. ದೂರದ ರೇಡಿಯೋ ಮೂಲಗಳು ಸೌರಮಾರುತದ ಮೂಲಕ ಮಿನುಗುವುದನ್ನು ಅದು ಅಳೆಯುತ್ತದೆ.

● ಸ್ವರೂಪ್ ಅವರ ಗುರು ರೊನಾಲ್ಡ್ ಬ್ರೇಸ್‌ವೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಸೂರ್ಯನಿಗೆಂದೇ 32 ತಟ್ಟೆಗಳ ವ್ಯೂಹ ಕಟ್ಟಿದ್ದರು. ಭೇಟಿ ಕೊಟ್ಟ ವಿಜ್ಞಾನಿಗಳಿಂದ ಅದರ ಕಾಂಕ್ರೀಟ್ ಕಂಬಗಳ ಮೇಲೆ ಉಳಿಯಿಂದ ಹೆಸರು ಕೆತ್ತಿಸುತ್ತಿದ್ದರು. ವ್ಯೂಹ ಹೋದರೂ ಕೆಲವು ಕಂಬಗಳು ಉಳಿದವು. ಈಗ ಅವು ನ್ಯೂಮೆಕ್ಸಿಕೋದಲ್ಲಿ ನೆರಳು ನೋಡಿ ಹೊತ್ತು ತಿಳಿಯುವ ಸೂರ್ಯ ಗಡಿಯಾರದ ಭಾಗ.

● ಕಡಿಮೆ ಕಂಪನಾಂಕದಲ್ಲಿ ಸೂರ್ಯನ ಚಿತ್ರ ತೆಗೆಯುವ, ಜಗತ್ತಿನ ಕೆಲವೇ ಮೀಸಲು ವ್ಯೂಹಗಳಲ್ಲಿ ಒಂದು ನಮ್ಮ ಗೌರಿಬಿದನೂರಿನಲ್ಲಿದೆ. ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೋಮೀಟರ್. ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಇಲ್ಲಿ ಕೆಲಸ ಶುರುಮಾಡಿದವು. ಚೆ.ವೆ. ಶಾಸ್ತ್ರಿ ಇದರ ಮೊದಲಿಗರು. ಮೊದಲು ಕಟ್ಟಿದ್ದು 1,000 ಡೈಪೋಲ್‌ಗಳ, ಇಂಗ್ಲಿಷಿನ ‘ಟಿ’ ಅಕ್ಷರದಾಕಾರದ ವ್ಯೂಹ. ಅದರ ಪೂರ್ವ-ಪಶ್ಚಿಮ ತೋಳೇ 1.4 ಕಿಲೋಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ ಅದು ಆಕಾಶದ ಬಹುಭಾಗದ ನಕ್ಷೆ ಬರೆಯಿತು.

ಸೂರ್ಯನಿಗೆಂದೇ ಮೀಸಲಾದ ರೇಡಿಯೋಹೀಲಿಯೋಗ್ರಾಫ್ ಬಂದದ್ದು 1997ರಲ್ಲಿ. ಇಲ್ಲಿಗೆ ಹೋದವರು ದೈತ್ಯ ತಟ್ಟೆ ಹುಡುಕಿದರೆ ನಿರಾಶೆಯೇ. ಬಯಲಲ್ಲಿ ಸಾಲಾಗಿ ನಿಂತದ್ದು ಒಂದು ಕಾಲದಲ್ಲಿ ತಾರಸಿಗಳ ಮೇಲಿದ್ದ ದೂರದರ್ಶನ ಆಂಟೆನಾಗಳದೇ ಜಾತಿಯ ಕಡ್ಡಿಗಳು. ಚಲಿಸುವ ಭಾಗವೇ ಇಲ್ಲ. ಪ್ರತಿ ಆಂಟೆನಾದಿಂದ ಬರುವ ಸಂಕೇತವನ್ನು ಎಷ್ಟು ತಡಮಾಡಿ ಕೂಡಿಸಬೇಕು ಎಂಬುದರಲ್ಲೇ ದಿಕ್ಕಿನ ಆಯ್ಕೆ. ಯಂತ್ರ ಅಗ್ಗ, ಲೆಕ್ಕ ದುಬಾರಿ. ನಮ್ಮಂಥ ದೇಶಕ್ಕೆ ಹೇಳಿಮಾಡಿಸಿದ ವ್ಯವಸ್ಥೆ ಎಂದು ನನಗನಿಸುತ್ತದೆ.

ಇದರ ಭೂಗೋಳವೂ ಅನುಕೂಲದ್ದೇ. ಯುರೋಪಿನಲ್ಲಿ ಇನ್ನೂ ಬೆಳಗಾಗುತ್ತಿರುವಾಗ, ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ಸಂಜೆ ಸಮೀಪಿಸುವಾಗ, ಗೌರಿಬಿದನೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ.

● ಮಿಥುನ ಸಂಕ್ರಮಣದ ಆಸುಪಾಸಿಗೆ, ಜೂನ್ ಮಧ್ಯದಲ್ಲಿ, ಸೂರ್ಯ ಆಕಾಶದ ಇನ್ನೊಂದು ಪ್ರಬಲ ರೇಡಿಯೋ ಮೂಲವಾದ ಏಡಿ ನೀಹಾರಿಕೆಯ ಹತ್ತಿರ ಹಾಯುತ್ತಾನೆ. ಆಗ ಆ ನೀಹಾರಿಕೆಯ ಅಲೆಗಳು ಕರೋನಾದ ಹೊರಪದರದೊಳಗೆ ನುಸುಳಿ ನಮ್ಮನ್ನು ತಲುಪಬೇಕು, ನುಸುಳುವಾಗ ಚಿತ್ರ ಕದಡಿ ಅಗಲವಾಗುತ್ತದೆ. ಎಷ್ಟು ಕದಡಿತು ಎಂಬುದರಿಂದ ಕರೋನಾದ ಆ ಭಾಗದ ಕ್ಷೋಭೆ ತಿಳಿಯುತ್ತದೆ. 1951ರಿಂದ ನಡೆದುಬಂದ ಈ ವಾರ್ಷಿಕ ಪ್ರಯೋಗವನ್ನು ಗೌರಿಬಿದನೂರಿನವರೂ ಮಾಡಿದ್ದಾರೆ.

● ಸೂರ್ಯನ ಅಧ್ಯಯನಕ್ಕೆ ಭಾರತ ಕಳಿಸಿದ ಆದಿತ್ಯ-ಎಲ್1 ನೌಕೆಯಲ್ಲಿ ಏಳು ಉಪಕರಣಗಳಿವೆ, ರೇಡಿಯೋ ಒಂದೂ ಇಲ್ಲ. ಅದರ ಮುಖ್ಯ ಕರೋನಾ ದರ್ಶಕ ಸೂರ್ಯಬಿಂಬವನ್ನು ಮರೆಮಾಡಿಯೇ ಸುತ್ತಲಿನದನ್ನು ನೋಡಬೇಕು. ರೇಡಿಯೋಗೆ ಆ ಮರೆ ಬೇಕಿಲ್ಲ, ಬಿಂಬದ ಎದುರಿಗೇ ಎದ್ದ ಕರೋನಾವನ್ನೂ ಅದು ಹಿಡಿಯುತ್ತದೆ. ಆ ದರ್ಶಕವನ್ನು ರೂಪಿಸಿದ ಸಂಸ್ಥೆಯೂ ಗೌರಿಬಿದನೂರಿನ ಹೀಲಿಯೋಗ್ರಾಫ್ ನಡೆಸುವ ಸಂಸ್ಥೆಯೂ ಒಂದೇ: ಭಾರತೀಯ ಖಭೌತವಿಜ್ಞಾನ ಸಂಸ್ಥೆ.

● ಆದರೆ ಸುಮಾರು 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ನೆಲದ ಮೇಲಿನ ಯಾವ ಆಂಟೆನಾವೂ ಕೆಲಸಕ್ಕೆ ಬಾರದು, ನಮ್ಮ ಅಯಾನುಗೋಳವೇ ತಡೆಗೋಡೆ. 1994ರಲ್ಲಿ ಹಾರಿದ ‘ವಿಂಡ್’ ನೌಕೆ ಆ ಸದ್ದು ಕೇಳುತ್ತದೆ. 2024ರ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಗೆ 61 ಲಕ್ಷ ಕಿಲೋಮೀಟರ್ ಸಮೀಪ ಹೋದ ‘ಪಾರ್ಕರ್’ ನೌಕೆಯಲ್ಲೂ ರೇಡಿಯೋ ಆಂಟೆನಾಗಳಿವೆ.

● ಸೂರ್ಯನಿಗೊಂದು ದಿನವಹಿ ಲೆಕ್ಕದ ಪುಸ್ತಕವಿದೆ. ಕೆನಡಾದ ಆರ್ಥರ್ ಕೋವಿಂಗ್ಟನ್ ಯುದ್ಧದಲ್ಲಿ ಉಳಿದ ರೇಡಾರ್ ಬಿಡಿಭಾಗಗಳಿಂದ ಕಟ್ಟಿದ ಯಂತ್ರ 10.7 ಸೆಂಟಿಮೀಟರ್ ಅಲೆಯುದ್ದದ್ದಾಗಿತ್ತು. ಆ ಅಂಕಿಯ ಹಿಂದೆ ಬೇರೆ ತತ್ತ್ವವಿಲ್ಲ, ಕೈಗೆ ಸಿಕ್ಕ ಸಾಮಾನು ಆ ಅಳತೆಯದು. 1947ರಿಂದ ಕೆನಡಾ ಈ ಅಲೆಯಲ್ಲಿ ಸೂರ್ಯನ ಅಬ್ಬರವನ್ನು ಅಳೆದು ಬರೆದಿಡುತ್ತಿದೆ. ಸೂರ್ಯ ತಣ್ಣಗಿದ್ದಾಗ 70ರ ಆಸುಪಾಸು, ಕೆರಳಿದಾಗ 200 ದಾಟುತ್ತದೆ. ಈ ಅಂಕಿ ಏರಿತೆಂದರೆ ಸೂರ್ಯನ ಅತಿನೇರಳೆ ಕಿರಣವೂ ಏರಿದೆ, ಭೂಮಿಯ ಮೇಲುವಾತಾವರಣ ಉಬ್ಬಿದೆ, ಉಪಗ್ರಹಗಳಿಗೆ ಎಳೆತ ಹೆಚ್ಚಿದೆ ಎಂದರ್ಥ. ಎಣಿಸಿದ್ದಕ್ಕಿಂತ ಹೆಚ್ಚು ಕೆರಳಿದ ಸೂರ್ಯನಿಂದಾಗಿಯೇ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ 1979ರಲ್ಲಿ ಬೇಗ ಉದುರಿಬಿತ್ತು.

● ಸೂರ್ಯನ ಸದ್ದು ಜಗತ್ತನ್ನು ಅಣುಯುದ್ಧದ ಅಂಚಿಗೂ ಒಯ್ದಿತ್ತು. 1967ರ ಮೇ 23ರಂದು ಅಲಾಸ್ಕಾ, ಗ್ರೀನ್‌ಲೆಂಡ್, ಬ್ರಿಟನ್‌ಗಳಲ್ಲಿದ್ದ ಅಮೆರಿಕದ ಕ್ಷಿಪಣಿ ಎಚ್ಚರಿಕೆಯ ರೇಡಾರ್‌ಗಳು ಮೂರೂ ಒಟ್ಟಿಗೆ ಗದ್ದಲದಲ್ಲಿ ಮುಳುಗಿದವು. ಸೋವಿಯತ್ ಒಕ್ಕೂಟ ಬೇಕೆಂದೇ ಕಣ್ಣು ಕಟ್ಟುತ್ತಿದೆ ಎಂಬ ಶಂಕೆ ಎದ್ದು, ವಿಮಾನಗಳನ್ನು ಸಜ್ಜುಗೊಳಿಸಲು ಹೊರಟರು. ಅದೃಷ್ಟಕ್ಕೆ ವಾಯುಪಡೆಯ ಸೌರ ಹವಾಮಾನ ತಂಡ ಆ ಹೊತ್ತಿಗೆ ಸೂರ್ಯನ ಸ್ಫೋಟದ ಮಾಹಿತಿ ಹಿಡಿದುಕೊಂಡು ಕೂತಿತ್ತು. ಮೂರೂ ರೇಡಾರ್‌ಗಳಿಗೆ ಸೂರ್ಯ ಕಾಣುತ್ತಿದ್ದಾನೆ ಎಂದು ಮೇಲಧಿಕಾರಿಗಳಿಗೆ ತಿಳಿಸಿತು. ಘಟನೆಯ ಪೂರ್ಣ ವಿವರ ಪ್ರಬಂಧವಾಗಿ ಹೊರಬಂದದ್ದು 2016ರಲ್ಲಿ.

● 2006ರ ಡಿಸೆಂಬರ್ 6ರ ರೇಡಿಯೋ ಸ್ಫೋಟಕ್ಕೆ ಹಗಲಿನ ಅರ್ಧಗೋಳದಲ್ಲಿ ಜಿಪಿಎಸ್ ಗ್ರಾಹಕಗಳು ತಬ್ಬಿಬ್ಬಾದವು. ಸೂರ್ಯ ಶಾಂತವಾಗುತ್ತ ಬಂದ ಕಾಲದಲ್ಲಿ! 2015ರ ನವೆಂಬರ್ 4ರಂದು ಸ್ವೀಡನ್ನಿನ ವಿಮಾನ ನಿಯಂತ್ರಣದ ರೇಡಾರ್ ಪರದೆಗಳು ಕೆಟ್ಟು, ವಿಮಾನಗಳು ಕೆಲಹೊತ್ತು ನೆಲದಲ್ಲೇ ನಿಂತವು.

● ಸೂರ್ಯ ಸುಮ್ಮನಿದ್ದಾಗಲೂ ಸುಮ್ಮನಿರುವುದಿಲ್ಲ. ಆಸ್ಟ್ರೇಲಿಯಾದ ಮರುಭೂಮಿಯ ಮರ್ಚಿಸನ್ ವ್ಯೂಹದ ದತ್ತಾಂಶದಲ್ಲಿ ಪುಣೆಯ ವಿಜ್ಞಾನಿಗಳು 2020ರಲ್ಲಿ ಕರೋನಾದ ತುಂಬೆಲ್ಲ ಏಳುವ ಕಿರು ರೇಡಿಯೋ ಮಿಡಿತಗಳನ್ನು ಗುರುತಿಸಿದರು. ಕರೋನಾವನ್ನು ಕಾಯಿಸುವ ಕಿರುಸ್ಫೋಟಗಳ ಸುಳಿವು ಇವೇ ಇರಬಹುದೆಂಬುದು ಅವರ ವಾದ. ಆ ವ್ಯೂಹದ ಡಿಜಿಟಲ್ ಗ್ರಾಹಕಗಳಲ್ಲಿ ಬೆಂಗಳೂರಿನ ರಾಮನ್ ಸಂಸ್ಥೆಯ ಕೈಚಳಕವಿದೆ.

● ಇದೆಲ್ಲ ದೊಡ್ಡವರ ಕೆಲಸ ಎಂದುಕೊಳ್ಳಬೇಡಿ. ಟಿವಿ ಟ್ಯೂನರನ್ನೇ ಒಳಗಿಟ್ಟು ಜ್ಯೂರಿಕ್‌ನಲ್ಲಿ ರೂಪಿಸಿದ ‘ಕ್ಯಾಲಿಸ್ಟೊ’ ಎಂಬ ಅಗ್ಗದ ಗ್ರಾಹಕ ಇಂದು ಹಲವು ದೇಶಗಳಲ್ಲಿದೆ. ಗೌರಿಬಿದನೂರು, ಊಟಿಗಳಲ್ಲೂ ಇದೆ. ಜಗತ್ತಿನ ಎಲ್ಲೋ ಒಂದೆಡೆ ಸದಾ ಹಗಲಿರುವುದರಿಂದ ಈ ಬಳಗದ ಕಿವಿ ತಪ್ಪಿಸಿ ಸೂರ್ಯ ಸಿಡಿಯುವುದು ಕಷ್ಟ.

● ಕಾಸು ಖರ್ಚಿಲ್ಲದೆ ಮನೆಯಲ್ಲೇ ಸೂರ್ಯನ ರೇಡಿಯೋ ಅಲೆಗೆ ಸಾಕ್ಷಿಯಾಗಬೇಕೆ? ವರ್ಷಕ್ಕೆರಡು ಸಲ, ಕರ್ನಾಟಕದಲ್ಲಿ ಮಾರ್ಚ್ ಮಧ್ಯದ ಮತ್ತು ಸೆಪ್ಟೆಂಬರ್ ಕೊನೆಯ ಕೆಲವು ದಿನ, ಟಿವಿ ಉಪಗ್ರಹದ ಬೆನ್ನ ಹಿಂದೆಯೇ ಸೂರ್ಯ ಹಾಯುತ್ತಾನೆ. ತಾರಸಿಯ ಡಿಶ್‌ಗೆ ಉಪಗ್ರಹದ ಜೊತೆ ಸೂರ್ಯನೂ ಎದುರಾಗಿ, ಅವನ ಸದ್ದಿನಲ್ಲಿ ಕಾರ್ಯಕ್ರಮ ಕೊಚ್ಚಿಹೋಗುತ್ತದೆ. ಹಗಲಿನಲ್ಲಿ ಕೆಲವೇ ನಿಮಿಷ, ಮರುದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ. ಚಿತ್ರ ಚೌಕಚೌಕವಾಗಿ ಒಡೆದರೆ ಡಿಶ್‌ನವನಿಗೆ ಫೋನ್ ಮಾಡುವ ಮುನ್ನ ತಾರಸಿಗೆ ಹೋಗಿ, ತಟ್ಟೆಗೆ ಬಡಿದು ಮರಳಿದ ಬಿಸಿಲು ಡಿಶ್ಶಿನ ಮುಂದೆ ಚಾಚಿಕೊಂಡ ಪುಟ್ಟ ಗ್ರಾಹಕದ ಮೇಲೆ ಬಿದ್ದಿದೆಯೇ ನೋಡಿ.